ಡ್ಯಾಶ್‌ಬೋರ್ಡಿನ ಕಟಕಟ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಆ ಶಬ್ದ ನನಗೆ ಎರಡು ದಿನದಿಂದ ಕೇಳಿಸ್ತಾ ಇತ್ತು. ಕೇಳಿಸದೇ ಇರಲಿ ಅಂತ ಹಾಡಿನ ವಾಲ್ಯೂಮ್ ಏರಿಸಿದವಳೂ ನಾನೇ.

ಕಳೆದ ಆಗಸ್ಟಿನ ಮಾತು. ಹಾಸನದಿಂದ ಅತ್ತೆ-ಮಾವ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಊರಿಂದ ಹಿರಿಯರು ಬಂದರೆ ಇಲ್ಲಿ ದೊಡ್ಡ ಚಿಂತೆ ಒಂದೇ, ವಾರವಿಡೀ ಮನೆಯೊಳಗೇ ಕೂತು ಬೇಜಾರು ಮಾಡಿಕೊಳ್ತಾರಲ್ಲ ಅಂತ. ಅದಕ್ಕೇ ವರ್ಷದ ಹಿಂದೆ ಕೊಂಡಿದ್ದ ಹಳೇ ಮೋಟರ್‌ಹೋಮ್ ಹೊರಗೆ ತೆಗೆದೆವು. ಇಲ್ಲಿ ಮೋಟರ್‌ಹೋಮ್‌ಗಳನ್ನು ಎ, ಬಿ, ಸಿ ಅಂತ ವಿಂಗಡಿಸ್ತಾರೆ. ಎ ಅಂದರೆ ಬಸ್ಸಿನ ಹಾಗೆ ಚಪ್ಪಟೆ ಮುಖದ್ದು. ಬಿ ಅಂದರೆ ವ್ಯಾನಿನೊಳಗೇ ಕಟ್ಟಿದ ಮನೆ. ನಮ್ಮದು ಸಿ: ಮುಂದೆ ವ್ಯಾನಿನ ಮೂತಿ, ಹಿಂದೆ ಡಬ್ಬದಂಥ ಮನೆ, ಡ್ರೈವರ್ ತಲೆ ಮೇಲೆ ಅಟ್ಟದಂಥ ಹಾಸಿಗೆ. ತುಂಬಿದಾಗ ಆರು ಟನ್ನಿಗೂ ಹೆಚ್ಚು ತೂಕ. ನಾವು ಅದರ ಮೂರನೇ ಮಾಲೀಕರು. ಮುಂಚಿನ ಇಬ್ಬರೂ ಡ್ಯಾಶ್‌ಬೋರ್ಡಿನ ಮೇಲೆ ತಮ್ಮ ಕೈಚಳಕ ತೋರಿಸಿಯೇ ಹೋಗಿದ್ದರು.

ಹೊರಡುವ ಹಿಂದಿನ ದಿನ, ಅತ್ತೆ-ಮಾವ ಕೂರೋ ಗಾಡಿ ಅಂತ, ಡ್ಯಾಶ್‌ಬೋರ್ಡನ್ನು ಫಳಫಳ ಹೊಳೆಯೋ ಹಾಗೆ ಪಾಲಿಶ್ ಸ್ಪ್ರೇ ಹಾಕಿ ಒರೆಸಿದ್ದೆ. ಆಮೇಲೆ ಅದರ ಮೇಲೆಯೇ ಗಾಳಿ ತೋರಿಸುವ ಸ್ಕ್ರೀನ್ ಅಂಟಿಸಿದೆ. ಅಂಗೈ ಅಗಲದ ಸಾಧನ ಅದು. ಆರು ಚಕ್ರಗಳಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುತ್ತೆ, ವೈರ್ ಇಲ್ಲ, ಅಡಿಯಲ್ಲಿ ಅಂಟಿನ ಪ್ಯಾಡ್. ಈ ಪಾಲಿಶ್ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ತಾಹೋ ಸರೋವರದ ಕಡೆಯಿಂದ ಹೈವೇ 395 ಹಿಡಿದು ದಕ್ಷಿಣಕ್ಕೆ ಬಂದು ಬೋಡಿ ನೋಡಿದೆವು. ಚಿನ್ನದ ಗಣಿಗಾಗಿ ಹುಟ್ಟಿ, ಚಿನ್ನ ಮುಗಿದ ಮೇಲೆ ಖಾಲಿಯಾದ ಊರು. 1962ರಲ್ಲಿ ಅದನ್ನು ಸ್ಟೇಟ್ ಪಾರ್ಕ್ ಮಾಡಿದ್ದಾರೆ. ರಿಪೇರಿ ಮಾಡಿ ಹೊಸದಾಗಿಸೋದೂ ಇಲ್ಲ, ಬಿದ್ದುಹೋಗಲು ಬಿಡೋದೂ ಇಲ್ಲ, ಇದ್ದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸಿದ್ದಾರೆ. ಹೈವೇಯಿಂದ ಊರಿಗೆ 13 ಮೈಲಿ, ಕೊನೇ 3 ಮೈಲಿಗೆ ಡಾಂಬರಿಲ್ಲ. ಮಣ್ಣು ಅಲೆಅಲೆಯಾಗಿ ಗಟ್ಟಿಯಾದ ರಸ್ತೆ. ಬಟ್ಟೆ ಒಗೆಯೋ ಹಳೇ ಕಾಲದ ಹಲಗೆ ಮೇಲೆ ಚಕ್ರ ಉರುಳಿಸಿದ ಹಾಗೆ. ಹಲ್ಲು ಕಟಕಟ ಅಂತವೆ, ಹಿಂದೆ ಮನೆಯಲ್ಲಿ ತಟ್ಟೆ-ಲೋಟಗಳ ಜಾತ್ರೆ.

ಮಾವ ಕೆಎಸ್ಸಾರ್ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮುಂದಿನ ಸೀಟಿನಲ್ಲಿ ಕೂತಿದ್ದ ಅವರು ಆ ಗಲಾಟೆಯಲ್ಲೂ ತಲೆ ವಾಲಿಸಿ ಒಂದೇ ಶಬ್ದ ಆರಿಸಿಕೊಂಡರು.

"ಇಲ್ಲೇನೋ ಲೂಸಾಗಿದೆ ಕಣಮ್ಮ."

"ಮೋಟರ್‌ಹೋಮ್ ಅಂದ್ರೆ ಹೀಗೇ ಮಾವ, ಮನೇನೇ ಅಲ್ಲಾಡ್ತಿರುತ್ತೆ," ಅಂದೆ. ಹಾಡು ಜೋರಾಯಿತು. ಮಾವ ಸುಮ್ಮನಾದರು.

ಮರುದಿನ ವಾಪಸ್. ಲೀ ವೈನಿಂಗ್‌ನಿಂದ ಟಿಯೋಗಾ ಪಾಸ್ ಹತ್ತಬೇಕು, 9,943 ಅಡಿ. ಏರುದಾರಿಯಲ್ಲಿ ರೇಡಿಯೋ, ಅಂದರೆ ಹಿಂದಿನ ಕ್ಯಾಮೆರಾದ ಚಿತ್ರವನ್ನೂ ತೋರಿಸುವ ದೊಡ್ಡ ಸ್ಕ್ರೀನಿನ ಸ್ಟೀರಿಯೋ, ತನ್ನ ಗೂಡಿನಿಂದ ಎರಡು ಬೆರಳಷ್ಟು ಹೊರಗೆ ಬಂತು. ಮಾವ ಅಂಗೈಯಲ್ಲಿ ಒತ್ತಿ ಒಳಗೆ ತಳ್ಳಿದರು. ಮತ್ತೆ ಬಂತು. ಅದೇ ಹೊತ್ತಿಗೆ ಹಿಂದಿನಿಂದ ಮಗಳು, "ಪಪ್ಪಾ, ಏನೋ ಬಿತ್ತು" ಅಂದಳು. ಗಾಳಿ ತೋರಿಸೋ ಸ್ಕ್ರೀನ್ ಡ್ಯಾಶ್‌ಬೋರ್ಡಿನ ಮೇಲಿರಲಿಲ್ಲ. ಡ್ರೈವರ್ ಸೀಟಿನ ಕೆಳಗೆಲ್ಲೋ ಸೇರಿರಬೇಕು. ಆಮೇಲೆ ಎತ್ಕೊಂಡರಾಯ್ತು ಅಂದೆವು. ಟುವಾಲಮಿ ಮೆಡೋಸ್‌ನಲ್ಲಿ ನಿಲ್ಲಿಸಿ ಪುಳಿಯೋಗರೆ ತಿಂದೆವು, ಫೋಟೋ ತೆಗೆದೆವು. ಬಿದ್ದದ್ದು ಯಾರಿಗೂ ನೆನಪಾಗಲಿಲ್ಲ.

ಯೊಸೆಮಿಟಿ ದಾಟಿ ಪಶ್ಚಿಮಕ್ಕೆ ಬಂದರೆ ಪ್ರೀಸ್ಟ್ ಗ್ರೇಡ್ ಅಂತ ಘಾಟಿ ಸಿಗುತ್ತೆ. ಹಳೇ ರಸ್ತೆ ಸುಮಾರು 2 ಮೈಲಿಯಲ್ಲಿ ಧೊಪ್ಪನೆ ಇಳಿಯುತ್ತೆ, ನಮ್ಮಂಥ ಗಾಡಿಗಳಿಗೆ ಅಲ್ಲ. ಹೊಸ ರಸ್ತೆ ಅಷ್ಟೇ ಇಳಿತವನ್ನು ಬಳಸಿ ಬಳಸಿ ಇಳಿಸುತ್ತೆ. ನಮ್ಮ ಶಿರಾಡಿಯ ಹಸಿರು ಇಲ್ಲಿಲ್ಲ, ಒಣಹುಲ್ಲಿನ ಗುಡ್ಡ, ಪಕ್ಕದಲ್ಲಿ ಕಣಿವೆ. ಗಂಡ ಗೇರ್ ಎರಡಕ್ಕೆ ಇಳಿಸಿ ನಿಧಾನಕ್ಕೆ ಇಳೀತಿದ್ದ. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಬ್ರೇಕ್ ಒತ್ತಿದ. ಪೆಡಲ್ ಅರ್ಧಕ್ಕೆ ನಿಂತಿತು.

ಅವನ ಬಾಯಿಂದ ಮಾತು ಬರಲಿಲ್ಲ. ಮುಖ ಮಾತ್ರ ನೋಡಿದೆ. ಮಾವ ಬಗ್ಗಿ ಒಂದು ಸಲ ಕೆಳಗೆ ನೋಡಿ, "ಒಂದನೇ ಗೇರಿಗೆ ಹಾಕು. ಜೋರಾಗಿ ಒತ್ತು, ಒಡೀಲಿ" ಅಂದರು. ಇಂಜಿನ್ ಅರಚಿತು. ಗಂಡ ಸೀಟಿನಿಂದ ಅರ್ಧ ಎದ್ದವನ ಹಾಗೆ ಪೆಡಲ್ ಮೇಲೆ ನಿಂತ. ಫಟ್ ಅಂತು. ಗಾಡಿಯ ವೇಗ ತಗ್ಗಿತು, ಎಡಕ್ಕಿದ್ದ ಟರ್ನ್‌ಔಟಿನಲ್ಲಿ ನಿಂತಿತು. ಪೆಡಲ್ ಕೆಳಗೆ ನಮ್ಮ ಸ್ಕ್ರೀನ್ ಎರಡು ತುಂಡಾಗಿ ಬಿದ್ದಿತ್ತು.

ಐದು ನಿಮಿಷ ಯಾರೂ ಮಾತಾಡಲಿಲ್ಲ. ಅತ್ತೆ ಮಗಳನ್ನು ತಬ್ಬಿಕೊಂಡು ಕೂತಿದ್ದರು. ಮಾವ ನೀರು ಕುಡಿದು ಹೇಳಿದ್ದು ಇಷ್ಟು: "ಏರಲ್ಲಿ ಬಿದ್ದಿದ್ದು ಇಳಿಜಾರಲ್ಲಿ ಕಾಲಿಗೇ ಬರುತ್ತೆ. ನಮ್ ಡ್ರೈವರ್‌ಗಳಿಗೆ ಸೀಟಿನ ಕೆಳಗೆ ನೀರಿನ ಬಾಟ್ಲಿ ಇಡಬೇಡ್ರೋ ಅಂತ ಬಯ್ಕೊಂಡೇ ಸರ್ವೀಸ್ ಮುಗಿಸಿದೆ." ನಾನು ಹೇಳಿರಲಿಲ್ವಾ ಅಂತ ಅನ್ನಲಿಲ್ಲ. ಅಂದಿದ್ದರೇ ನನಗೆ ಹಗುರಾಗುತ್ತಿತ್ತೇನೋ.

ಮನೆಗೆ ಬಂದು ಒಂದು ವರ್ಕ್‌ಶಾಪಿಗೆ ಫೋನ್ ಮಾಡಿದರೆ ಮೂರು ವಾರ ಆಗುತ್ತೆ ಅಂದರು, ಗಂಟೆ ಲೆಕ್ಕದ ಕೂಲಿ ಕೇಳಿದರೆ ನಮ್ಮ ತಿಂಗಳ ದಿನಸಿ ನೆನಪಾಯಿತು. ಮಾವ, "ಸ್ಕ್ರೂಡ್ರೈವರ್ ಇದೆಯೇನಮ್ಮ?" ಅಂದರು. ಶನಿವಾರ ನಾವಿಬ್ಬರೇ ಕೂತೆವು.

ಮೊದಲನೇ ಪಾಠ ಸ್ಕ್ರೂ ಮುಟ್ಟುವ ಮುಂಚೆಯೇ ಸಿಕ್ಕಿತು. ಬಾನೆಟ್ ತೆಗೆದು ಬ್ಯಾಟರಿಯ ನೆಗೆಟಿವ್ ಕಳಚಿದೆವು. ಒಳಗೆ ಬಂದು ನೋಡಿದರೆ ರೇಡಿಯೋ ಹಾಯಾಗಿ ಉರೀತಾ ಇದೆ! ಮೋಟರ್‌ಹೋಮಿನಲ್ಲಿ ಎರಡು ಬ್ಯಾಟರಿ ವ್ಯವಸ್ಥೆ ಇರುತ್ತೆ. ಒಂದು ಗಾಡಿ ಸ್ಟಾರ್ಟ್ ಮಾಡೋಕೆ, ಇನ್ನೊಂದು ಹಿಂದಿನ ಮನೆಯ ದೀಪ, ಪಂಪು, ಫ್ಯಾನಿಗೆ. ಕ್ಯಾಂಪಿನಲ್ಲಿ ರಾತ್ರಿ ಹಾಡು ಕೇಳುವಾಗ ಗಾಡಿಯ ಬ್ಯಾಟರಿ ಇಳಿಯಬಾರದು ಅಂತ ಹಳೇ ಮಾಲೀಕರು ರೇಡಿಯೋಗೆ ಮನೆ ಬ್ಯಾಟರಿಯಿಂದ ಕರೆಂಟ್ ಎಳೆದಿದ್ದರು. ಸರಿ, ಅದನ್ನೂ ಕಳಚಿದೆವು. ಆಮೇಲೂ ಮಾವನ ಟೆಸ್ಟ್ ಲ್ಯಾಂಪ್ ಮಿಣಕ್ ಅಂತು. ತಾರಸಿ ಮೇಲೆ ಸೋಲಾರ್ ಪ್ಯಾನೆಲ್! ಅದರ ಫ್ಯೂಸ್ ತೆಗೆದ ಮೇಲೆ ದೀಪ ಆರಿತು. "ಸೂರ್ಯನ್ನೂ ಆಫ್ ಮಾಡಬೇಕಲ್ಲಮ್ಮ ನಿಮ್ ದೇಶದಲ್ಲಿ," ಅಂದರು ಮಾವ. ಅಂದಹಾಗೆ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಬ್ಯಾಟರಿ ಕಳಚಿದ ತಕ್ಷಣ ಕೈ ಹಾಕಬಾರದು, ಮ್ಯಾನ್ಯುಯಲ್ ಹೇಳಿದಷ್ಟು ನಿಮಿಷ ಕಾಯಬೇಕು. ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರ್‌ಗಳು ಏರ್‌ಬ್ಯಾಗಿನವು. ಅವುಗಳ ಗೊಡವೆಗೇ ಹೋಗಬೇಡಿ.

ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ನನ್ನ ಕೊಡುಗೆ ಮೊದಲರ್ಧದಲ್ಲಿ ಅಷ್ಟೇ. ಅಲಂಕಾರದ ಪ್ಲಾಸ್ಟಿಕ್ ಚೌಕಟ್ಟನ್ನು ಪ್ಲಾಸ್ಟಿಕ್ಕಿನ ಮೀಟುಗೋಲಿನಿಂದಲೇ ಬಿಡಿಸಬೇಕು, ಸ್ಕ್ರೂಡ್ರೈವರ್ ಹಾಕಿದರೆ ಗೀರು ಬೀಳುತ್ತೆ, ಒಳಗಿನ ಕ್ಲಿಪ್ ಮುರಿಯುತ್ತೆ. ಬೆಳಗಿನ ಚಳಿಗೆ ಪ್ಲಾಸ್ಟಿಕ್ ಪೆಡಸಾಗಿರುತ್ತೆ ಅಂತ ಮಾವ ಬಿಸಿಲು ಬರುವವರೆಗೆ ಕಾದು, ಎರಡು ಲೋಟ ಕಾಫಿ ಕುಡಿದರು.

ಚೌಕಟ್ಟು ಬಿಚ್ಚಿ ಒಳಗೆ ನೋಡಿದಾಗ ನಮಗೆ ಘಾಟಿಗಿಂತ ಹೆಚ್ಚು ಭಯವಾಯಿತು.

ಕಾರಿನ ಸ್ಟೀರಿಯೋಗಳ ಅಳತೆ ಜಗತ್ತಿನ ಬಹುಪಾಲು ಕಡೆ ಒಂದೇ. ಜರ್ಮನಿಯವರು ಮಾಡಿದ ಡಿನ್ ಅಳತೆ. ದೊಡ್ಡದಕ್ಕೆ ಡಬಲ್ ಡಿನ್ ಅಂತಾರೆ, ಸುಮಾರು 180 ಮಿಲಿಮೀಟರ್ ಅಗಲ, 100 ಎತ್ತರ. ನಮ್ಮದು ಅದೇ. ಇಂಥದ್ದಕ್ಕೆ ಎರಡೂ ಪಕ್ಕದಲ್ಲಿ ಸ್ಕ್ರೂ ಇರಬೇಕು, ಜೊತೆಗೆ ಭಾರವಾದ ಸೆಟ್ಟಿಗೆ ಬೆನ್ನ ಹಿಂದೆ ಒಂದು ಆಸರೆ ಬೇಕು. ಇಲ್ಲದಿದ್ದರೆ ಮುಂದಿನ ಪ್ಲಾಸ್ಟಿಕ್ಕೇ ಇಡೀ ಭಾರ ಹೊರಬೇಕಾಗುತ್ತೆ, ಪ್ರತಿ ಕುಲುಕಿಗೂ ಸೆಟ್ಟು ಮೀಟುಗೋಲಿನ ಹಾಗೆ ಸ್ಕ್ರೂಗಳನ್ನು ಮೀಟುತ್ತೆ. ನಮ್ಮದರಲ್ಲಿ ನಾಲ್ಕು ಸ್ಕ್ರೂನಲ್ಲಿ ಎರಡು ಇರಲೇ ಇಲ್ಲ. ಉಳಿದೆರಡರ ತೂತು ಸವೆದು ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ಹಿಂದಿನ ಆಸರೆಯ ಜಾಗ ಖಾಲಿ. ಬದಲಿಗೆ ಮಡಿಚಿ ತುರುಕಿದ ರಟ್ಟು, ಸುತ್ತ ಬಿಸಿ ಅಂಟು. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತೆ. ಬಿಸಿ ಮಾಡಿ ಹಚ್ಚಿದ ಅಂಟು ಬಿಸಿಗೇ ಮೆತ್ತಗಾಗದೆ ಇನ್ನೇನಾಗುತ್ತೆ?

ರಟ್ಟು ಎಳೆದು ತೆಗೆದ ಮಾವ ಹಿಂದಿನ ವೈರುಗಳಲ್ಲಿ ಒಂದನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದರು. ಕೆಂಪು ವೈರು, ಮನೆ ಬ್ಯಾಟರಿಯಿಂದ ಬಂದದ್ದು. ರೇಡಿಯೋ ಅಲ್ಲಾಡಿ ಅಲ್ಲಾಡಿ ತಗಡಿನ ಅಂಚಿಗೆ ಉಜ್ಜಿ, ಒಂದು ಕಡೆ ಹೊದಿಕೆ ಸವೆದು ತಾಮ್ರ ಕಾಣಿಸ್ತಿತ್ತು. ಆ ತಾಮ್ರ ತಗಡಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್. ಆಗ ಫ್ಯೂಸ್ ಹಾರಬೇಕು ತಾನೆ? ಹುಡುಕಿದೆವು. ಆ ತೆಳು ವೈರಿಗೆ 30 ಆಂಪ್ ಫ್ಯೂಸ್ ಹಾಕಿದ್ದರು. ನಮ್ಮ ರೇಡಿಯೋಗೆ ಬೇಕಾದದ್ದು 10. ಫ್ಯೂಸ್ ಇರೋದು ರೇಡಿಯೋ ಕಾಯೋಕೆ ಅಂತಲೇ ನಾನು ಅಂದುಕೊಂಡಿದ್ದೆ. ಮೊದಲು ಕಾಯೋದು ವೈರನ್ನು. ವೈರು ತಡೆಯೋದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ, ಫ್ಯೂಸ್ ಸುಮ್ಮನಿರುತ್ತೆ, ವೈರೇ ಕೆಂಡವಾಗುತ್ತೆ. ಅದರ ಹಿಂದೆ ರಟ್ಟು, ಪ್ಲಾಸ್ಟಿಕ್, ಫೋಮ್. ಅಟ್ಟದ ಹಾಸಿಗೆಯಲ್ಲಿ ಮಗಳು.

ನಾನು ಎರಡು ದಿನ ಹಾಡು ಜೋರು ಮಾಡಿ ಮುಚ್ಚಿದ್ದು ಈ ಶಬ್ದವನ್ನು.

ಮಾವ ಮಾತ್ರ ತಣ್ಣಗಿದ್ದರು. ಅವರಿಗೆ ಕೆಲಸ ಸಿಕ್ಕಿತ್ತು, ಆರು ವಾರದಲ್ಲಿ ಮೊದಲ ಸಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಅವರನ್ನು ಹೊರಗೆ ಕರೆತರೋದೇ ಕಷ್ಟವಾಯಿತು. ತೂತುತೂತಿನ ಕಬ್ಬಿಣದ ಪಟ್ಟಿ, ಒಳಗೆ ನೈಲಾನ್ ಇರುವ ನಟ್ಟುಗಳು, ತಗಡಿನ ಕ್ಲಿಪ್ ನಟ್ಟು, ರಬ್ಬರ್ ಗ್ರಾಮೆಟ್, ಬಟ್ಟೆಯ ಟೇಪ್, ಫ್ಯೂಸು. ಎಲ್ಲ ಸೇರಿ 40 ಡಾಲರ್ ದಾಟಲಿಲ್ಲ.

ಪಟ್ಟಿಯನ್ನು ಬಗ್ಗಿಸಿ ಒಂದು ತುದಿಯನ್ನು ರೇಡಿಯೋ ಬೆನ್ನಿನ ಬೋಲ್ಟಿಗೆ, ಇನ್ನೊಂದು ತುದಿಯನ್ನು ಡ್ಯಾಶ್‌ಬೋರ್ಡಿನ ಒಳಗಿನ ಲೋಹದ ಅಡ್ಡಪಟ್ಟಿಗೆ ಬಿಗಿದರು. ಎರಡು ಕಡೆಯೂ ನೈಲಾನ್ ನಟ್ಟು, ಕುಲುಕಾಟಕ್ಕೆ ಸಡಿಲವಾಗೋದಿಲ್ಲ. ಸವೆದ ತೂತುಗಳ ಜಾಗಕ್ಕೆ ಕ್ಲಿಪ್ ನಟ್ಟು ಸಿಕ್ಕಿಸಿದರು. ಅದು ಯು ಆಕಾರದ ಸ್ಪ್ರಿಂಗ್ ತಗಡು, ಪ್ಲಾಸ್ಟಿಕ್ ಅಂಚನ್ನು ಕಚ್ಚಿ ಹಿಡಿಯುತ್ತೆ, ಸ್ಕ್ರೂಗೆ ಲೋಹದ ಮರೆ ಸಿಗುತ್ತೆ. ತೂತಿಗೆ ಬೆಂಕಿಕಡ್ಡಿ ತುರುಕಿ ಮತ್ತೆ ಸ್ಕ್ರೂ ಹಾಕೋ ನಮ್ಮ ಮನೆಮದ್ದು ಮರಕ್ಕೆ ಸರಿ, ಹಿಂದಿನ ಅಡುಗೆ ಕಪಾಟಿನ ಕೀಲಿಗೆ ನಾವೂ ಅದನ್ನೇ ಮಾಡಿದೆವು. ಪ್ಲಾಸ್ಟಿಕ್ಕಿಗೆ ನಡೆಯಲ್ಲ.

ಮಾವನೂ ಒಂದು ಕಡೆ ಎಡವಿದರು, ಅದನ್ನೂ ಹೇಳಬೇಕು. ಪಕ್ಕದ ಸ್ಕ್ರೂ ಗಟ್ಟಿಯಾಗಿರಲಿ ಅಂತ ಉದ್ದನೇದು ತಗೊಂಡಿದ್ದರು. ನಾನು ಅಷ್ಟರಲ್ಲಿ ಫೋನಿನಲ್ಲಿ ರೇಡಿಯೋ ಮ್ಯಾನ್ಯುಯಲ್ ಓದುತ್ತಿದ್ದೆ. "ಮಾವ, ತಡೀರಿ. ಆರು ಮಿಲಿಮೀಟರ್ ಮೀರಬಾರದಂತೆ. ಉದ್ದ ಆದ್ರೆ ಒಳಗಿನ ಬೋರ್ಡಿಗೇ ಚುಚ್ಚುತ್ತೆ." ಕನ್ನಡಕ ಏರಿಸಿ ನನ್ನ ಫೋನ್ ಇಸ್ಕೊಂಡು ಓದಿದರು. "ಬಸ್ಸಲ್ಲಿ ಇಂಥದ್ದೆಲ್ಲ ಇರ್ಲಿಲ್ಲ," ಅಂತ ಗೊಣಗಿ ಚಿಕ್ಕದನ್ನೇ ಹಾಕಿದರು. ಇನ್ನೊಂದು, ಗಂಡ ತರಿಸಿದ್ದ ನೀಲಿ ಬಣ್ಣದ ಥ್ರೆಡ್ ಲಾಕರ್. ಸ್ಕ್ರೂ ಸಡಿಲವಾಗದಿರಲಿ ಅಂತ ಹಚ್ಚುವ ದ್ರವ. ಲೋಹ ಲೋಹಕ್ಕೆ ಸೇರುವಲ್ಲಿ ಒಳ್ಳೇದು, ಆದರೆ ಕೆಲವು ಪ್ಲಾಸ್ಟಿಕ್ಕಿಗೆ ತಾಗಿದರೆ ಬಿರುಕು ಬರಿಸುತ್ತೆ. ಡ್ಯಾಶ್‌ಬೋರ್ಡಿನಲ್ಲಿ ಎಲ್ಲಾ ಕಡೆ ಸುರಿಯೋ ವಸ್ತು ಅಲ್ಲ.

ಸವೆದ ಕೆಂಪು ವೈರನ್ನು ಟೇಪ್ ಸುತ್ತಿ ಬಿಡಲು ಮಾವ ಒಪ್ಪಲಿಲ್ಲ. ಅಷ್ಟುದ್ದ ಕತ್ತರಿಸಿ ಹೊಸ ತುಂಡು ಜೋಡಿಸಿದರು. ತಗಡಿನ ತೂತಿನಲ್ಲಿ ಹಾದುಹೋಗುವ ಕಡೆ ಗ್ರಾಮೆಟ್, ಉಳಿದ ಉದ್ದಕ್ಕೆ ಬಟ್ಟೆ ಟೇಪು, ಬ್ಯಾಟರಿಯ ಪಕ್ಕದಲ್ಲೇ 10 ಆಂಪಿನ ಫ್ಯೂಸು. ಮನೆಯಲ್ಲಿ ಇದನ್ನು ಮಾಡುವ ಧೈರ್ಯ ಇಲ್ಲದವರು ವೈರಿನ ಕೆಲಸವನ್ನು ಆಟೋ ಎಲೆಕ್ಟ್ರಿಷಿಯನ್‌ಗೇ ಬಿಡಿ. ನಮ್ಮ ಮನೆಯಲ್ಲಿ ಡಿಪೋ ಇತ್ತು, ಮಾಡಿದೆವು.

ಇನ್ನು ಗಾಳಿ ತೋರಿಸೋ ಸ್ಕ್ರೀನ್. ಹೊಸದು ಬಂತು, ಅದರ ಜೊತೆ ಅಂಟಿನ ಪ್ಯಾಡೂ ಬಂತು. ಹಳೇದು ಯಾಕೆ ಕಿತ್ತುಬಂತು ಅಂತ ಮಾವ ಡ್ಯಾಶ್‌ಬೋರ್ಡ್ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದರು. "ಏನಮ್ಮ, ಎಣ್ಣೆ ಹಚ್ಚಿದೀಯಾ?" ನನ್ನ ಫಳಫಳ ಪಾಲಿಶ್! ಆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತೆ, ಅದರ ಮೇಲೆ ಯಾವ ಟೇಪೂ ಕೂರಲ್ಲ. ಒಪ್ಪಿಕೊಂಡೆ. ಆ ದಿನದ ಅಳು ಅಲ್ಲಿ ಬಂತು. ಮಾವ ಬೇರೆ ಕಡೆ ನೋಡ್ತಾ, "ಒರೆಸಿದ್ರೆ ಹೋಗುತ್ತೆ ಬಿಡು" ಅಂದರು.

ಒರೆಸಿದೆ. ಸೋಪಿನ ನೀರು, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಒಳ್ಳೇ ಫೋಮ್ ಟೇಪ್ ಒತ್ತಿ ಹಿಡಿದ ಮೇಲೂ ಪೂರ್ತಿ ಹಿಡಿತಕ್ಕೆ ಸುಮಾರು 72 ಗಂಟೆ ಬೇಕು. ಅಂಟಿಸಿ ಅರ್ಧ ಗಂಟೆಗೆ ಟ್ರಿಪ್ ಹೊರಡೋದು ನಾವೆಲ್ಲ ಮಾಡೋ ತಪ್ಪು. ಅಷ್ಟಾದರೂ ಟೇಪನ್ನಷ್ಟೇ ನಂಬದೆ, ಸ್ಕ್ರೀನಿಗೆ ಗಿಡ್ಡ ದಾರ ಕಟ್ಟಿ ಸ್ಕ್ರೂಗೆ ಸಿಕ್ಕಿಸಿದ್ದೇವೆ. ಕಿತ್ತುಬಂದರೂ ಡ್ಯಾಶ್‌ಬೋರ್ಡಿನ ಮುಂದೆ ತೂಗುತ್ತೆ, ಕಾಲಿನವರೆಗೆ ಹೋಗಲ್ಲ.

ಕೊನೆಗೆ ಬಂದದ್ದು ಗಣಪತಿಯ ವಿಷಯ. ಅತ್ತೆ ಊರಿಂದ ತಂದ ಹಿತ್ತಾಳೆಯ ಪುಟ್ಟ ಗಣಪ ಮಾವನ ಸೀಟಿನ ಎದುರಿಗೆ, ಡ್ಯಾಶ್‌ಬೋರ್ಡಿನ ಮೇಲೆ, ಡಬಲ್ ಟೇಪಿನಲ್ಲಿ ಕೂತಿದ್ದ. ಅದು ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಮುಚ್ಚಳ. ಬ್ಯಾಗ್ ಕಣ್ಣು ಮಿಟುಕಿಸೋದಕ್ಕಿಂತ ಬೇಗ ಹಾರುತ್ತೆ, ಮೇಲಿದ್ದದ್ದು ನೇರ ಮುಖಕ್ಕೆ. ಭಾರತದಲ್ಲೂ 2021ರಿಂದ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ, ಹಾಗಾಗಿ ಇದು ನಿಮ್ಮ ಕಾರಿನ ಗಣಪನ ಪ್ರಶ್ನೆ ಕೂಡ. ಪಕ್ಕದ ಗಾಜಿನ ಪರ್ಫ್ಯೂಮ್ ಬಾಟಲಿಯದ್ದೂ. ನಾನು ಹೇಳಲು ಹೆದರಿದೆ. ಮಾವ ಹೇಳಿದರು.

"ರೀ, ದೇವ್ರು ಮುಂದೆ ಇದ್ರೆ ತಾನೆ ದಾರಿ ಕಾಯೋದು?" ಅತ್ತೆಗೆ ಬೇಸರವಾಯಿತು.

"ಮುಂದೇ ಇರ್ತಾನೆ ಕಣೆ, ಸ್ವಲ್ಪ ಮೇಲೆ ಕೂರ್ತಾನೆ." ಅಟ್ಟದ ಹಾಸಿಗೆಯ ಅಂಚಿನಲ್ಲಿ ಮರದ ಕಟ್ಟೆಯಿದೆ. ಗಣಪನ ಪೀಠಕ್ಕೆ ಕೆಳಗಿನಿಂದ ಎರಡು ಸ್ಕ್ರೂ ಬಿತ್ತು. ಗಣಪನಿಗೆ ಸ್ಕ್ರೂ ಹಾಕೋದು ಸರಿಯಾ ಅಂತ ಅರ್ಧ ಗಂಟೆ ಚರ್ಚೆ ನಡೆಯಿತು, ಪೀಠಕ್ಕೆ ತಾನೆ ಅಂತ ತೀರ್ಮಾನವಾಯಿತು.

ಭಾನುವಾರ ಸಂಜೆ ಪರೀಕ್ಷೆ. ಗಂಡ ಸ್ಪೀಡ್ ಬ್ರೇಕರ್‌ಗಳಿರುವ ರಸ್ತೆಯಲ್ಲಿ ಓಡಿಸಿದ, ರೇಡಿಯೋ ಆಫ್. ಮಾವ ಮುಷ್ಟಿಯಲ್ಲಿ ಡ್ಯಾಶ್‌ಬೋರ್ಡನ್ನು ಅಲ್ಲಲ್ಲಿ ಕುಟ್ಟುತ್ತಾ ಬಂದರು. ಮಗಳು ಫೋನನ್ನು ಒಂದೊಂದು ಕಡೆ ಇಟ್ಟು ಶಬ್ದ ರೆಕಾರ್ಡ್ ಮಾಡಿದಳು. ಎಲ್ಲಿ ಜೋರಾಗಿ ಕೇಳುತ್ತೋ ಅಲ್ಲೇ ಕಳ್ಳ. ಎಸಿ ಕಿಂಡಿಯ ಹತ್ತಿರ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುವ ಕಿರಕಿರ ಸಿಕ್ಕಿತು, ನಡುವೆ ಬಟ್ಟೆ ಟೇಪ್ ಅಂಟಿಸಿದ ಮೇಲೆ ನಿಂತಿತು. ರೇಡಿಯೋ ಕಡೆಯಿಂದ ಸದ್ದಿಲ್ಲ.

ಮಾವ ನವೆಂಬರಿನಲ್ಲಿ ಹಾಸನಕ್ಕೆ ಹೋದರು. ಮೊನ್ನೆ ನಾವು ಮೂವರೇ ಸಮುದ್ರದ ಕಡೆ ಹೋಗಿದ್ದೆವು. ಹಾಫ್ ಮೂನ್ ಬೇ ಹತ್ತಿರ ಹಿಂದಿನಿಂದ ಟಿಣ್ ಟಿಣ್ ಅಂತ ಏನೋ ಶುರುವಾಯಿತು. ಮಗಳು ಯಾರೂ ಹೇಳದೆ ರೆಕಾರ್ಡ್ ಮಾಡಿ ತಾತನಿಗೆ ಕಳಿಸಿದಳು. ಅಲ್ಲಿ ಬೆಳಗಿನ ಜಾವ. ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು.

"ಡ್ಯಾಶ್‌ಬೋರ್ಡಿಂದಲ್ಲ ಪುಟ್ಟಿ. ಅದು ಸ್ಟೀಲಿಗೆ ಸ್ಟೀಲು. ನಿಮ್ಮಜ್ಜಿ ಒಗ್ಗರಣೆ ಸೌಟು ಅಲ್ಲೇ ಬಿಟ್ಟು ಬಂದಿದಾಳೆ, ಡ್ರಾಯರ್ ನೋಡು."

ಪಕ್ಕಕ್ಕೆ ನಿಲ್ಲಿಸಿ ಡ್ರಾಯರ್ ಎಳೆದೆ. ಸೌಟು ಅಲ್ಲೇ ಇತ್ತು.